ಗುರಿ ಕಟ್ಟೆ: ಪಿಸ್ತೂಲು, ಟ್ರಿಗರ್, ತೋಟಾ

ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಮುಗಿದ ವಾರದಿಂದ ಈ ಅಂಕಣಕ್ಕೆ ಕಾಗದ ಜಾಸ್ತಿ ಬರುತ್ತವೆ. ಪ್ರತಿ ವರ್ಷವೂ ಹೀಗೇ. ಸೆಪ್ಟೆಂಬರ್ 3ಕ್ಕೆ ಮನೆಯ ಕೋವಿ ಒರೆಸಿ, ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ, ಪೂಜೆ ಮುಗಿಸಿ, ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಈಡು ಹೊಡೆಯುವುದನ್ನು ಮಕ್ಕಳು ನೋಡುತ್ತಾರೆ. ಮಾರನೇ ದಿನವೇ ‘ನನಗೂ ಶೂಟಿಂಗ್ ಕಲಿಸಿ’ ಅಂತ ಹಟ. ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಪಿಸ್ತೂಲಿನ ಬಗ್ಗೆಯೇ ಇವೆ. 2024ರಲ್ಲಿ ಪ್ಯಾರಿಸ್‌ನಿಂದ ಮನು ಭಾಕರ್ ಎರಡು ಕಂಚು ತಂದಿದ್ದನ್ನು ನಮ್ಮ ಮಕ್ಕಳು ಇನ್ನೂ ಮರೆತಿಲ್ಲ. ಬೆಂಗಳೂರಿನ ಹುಡುಗಿ ದಿವ್ಯಾ ಟಿ.ಎಸ್. 2023ರಲ್ಲಿ ಬಾಕು ವಿಶ್ವಕಪ್‌ನಲ್ಲಿ ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದ ಚಿನ್ನ ಗೆದ್ದಿದ್ದೂ ಪಿಸ್ತೂಲಿನಲ್ಲೇ. ಹಾಗಾಗಿ ಈ ತಿಂಗಳು ಪೂರ್ತಿ ಅದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಶಾಲೆಯ ರಜೆಯಲ್ಲಿ ಹತ್ತು ದಿನ ಏರ್ ಪಿಸ್ತೂಲ್ ಶಿಬಿರಕ್ಕೆ ಹೋಗಿ ಬಂದಳು, ಈಗ ಸ್ವಂತ ಪಿಸ್ತೂಲು ಬೇಕು ಅಂತಿದ್ದಾಳೆ. ವಿಚಾರಿಸಿದರೆ ಒಂದೂವರೆ ಎರಡು ಲಕ್ಷ ಅಂತಾರೆ. ಒಬ್ಬೊಬ್ಬರು ಒಂದೊಂದು ಕಂಪನಿ ಹೆಸರು ಹೇಳುತ್ತಾರೆ. ಯಾವುದು ತಗೊಳ್ಳಲಿ ಸರ್? (ಒಬ್ಬ ತಾಯಿ, ವಿರಾಜಪೇಟೆ)

ಅಮ್ಮಾ, ಮೊದಲ ಆರು ತಿಂಗಳು ಏನೂ ತಗೊಳ್ಳಬೇಡಿ. ದುಡ್ಡು ಉಳಿಯಲಿ ಅಂತ ಅಲ್ಲ. 13 ವರ್ಷದ ಕೈ ಬೆಳೆಯುತ್ತಿರುವ ಕೈ. ಇವತ್ತು ಸರಿಯಾಗಿ ಕೂರುವ ಗ್ರಿಪ್ (ಪಿಸ್ತೂಲಿನ ಹಿಡಿ) ಬರುವ ವರ್ಷ ಬಿಗಿಯಾಗುತ್ತದೆ. ಅಲ್ಲಿಯವರೆಗೆ ಕ್ಲಬ್ಬಿನ ಪಿಸ್ತೂಲಿನಲ್ಲೇ ಹೊಡೆಯಲಿ, ಆದರೆ ಒಂದೇ ಪಿಸ್ತೂಲನ್ನು ಅವಳಿಗೆ ಗೊತ್ತುಮಾಡಿ ಕೊಡಲು ಕೋಚ್ ಹತ್ತಿರ ಕೇಳಿಕೊಳ್ಳಿ.

ತಗೊಳ್ಳುವ ದಿನ ಬಂದಾಗ ಹೆಸರು ನೋಡಬೇಡಿ. ಸ್ಟೈಯರ್, ಮೊರಿನಿ, ವಾಲ್ಟರ್, ಫೈನ್‌ವರ್ಕ್‌ಬೌ, ಪಾರ್ಡಿನಿ, ಈ ಐದರಲ್ಲಿ ಯಾವುದನ್ನು ಹಿಡಿದರೂ ಅದು ನಿಮ್ಮ ಮಗಳಿಗಿಂತ, ನನಗಿಂತ, ಕೊಡಗಿನ ಎಲ್ಲರಿಗಿಂತ ಚೆನ್ನಾಗಿ ಗುರಿ ಹೊಡೆಯುತ್ತದೆ. ಪಿಸ್ತೂಲನ್ನು ಕ್ಲ್ಯಾಂಪಿಗೆ ಹಾಕಿ ಹೊಡೆದರೆ ಹತ್ತು ಪೆಲೆಟ್ಟೂ (ಏರ್ ಪಿಸ್ತೂಲಿನ ಸೀಸದ ಗುಂಡು) ಒಂದೇ ತೂತಿನಲ್ಲಿ ಹೋಗುತ್ತವೆ. ವ್ಯತ್ಯಾಸ ಇರುವುದು ಗ್ರಿಪ್ಪಿನಲ್ಲಿ ಮತ್ತು ತೂಕದಲ್ಲಿ. ನಿಯಮದ ಪ್ರಕಾರ ಏರ್ ಪಿಸ್ತೂಲು 1500 ಗ್ರಾಂವರೆಗೆ ಇರಬಹುದು, ಆದರೆ ಚಿಕ್ಕವರ ತೋಳಿಗೆ ಒಂದು ಕೆ.ಜಿ. ಆಸುಪಾಸಿನದ್ದೇ ಸಾಕು, ಅದಕ್ಕಿಂತ ಹಗುರ ಸಿಕ್ಕರೆ ಇನ್ನೂ ಒಳ್ಳೆಯದು. 60 ಗುಂಡು, 1 ಗಂಟೆ 15 ನಿಮಿಷ, ಒಂದೇ ಕೈ. ನಲವತ್ತನೇ ಗುಂಡಿನ ಹೊತ್ತಿಗೆ ಭುಜ ಏನು ಹೇಳುತ್ತದೆ ಅಂತ ಅವಳನ್ನೇ ಕೇಳಿ.

ಗ್ರಿಪ್ ನೋಡುವ ವಿಧಾನ ಹೇಳುತ್ತೇನೆ. ಅಂಗಡಿಯಲ್ಲೋ ಕ್ಲಬ್ಬಿನಲ್ಲೋ ಪಿಸ್ತೂಲು ಖಾಲಿ ಇದೆ ಅಂತ ಎರಡು ಸಲ ಖಾತ್ರಿ ಮಾಡಿಕೊಂಡು, ಅವಳು ಗುರಿಯ ಕಡೆಗೆ ನಿಂತು ಹಿಡಿಯಲಿ. ಕಣ್ಣು ಮುಚ್ಚಲಿ. ತೋಳು ಎತ್ತಲಿ, ಆರಾಮಾಗಿ ಎರಡು ಉಸಿರು ಬಿಡಲಿ, ಆಮೇಲೆ ಕಣ್ಣು ತೆರೆಯಲಿ. ಮುಂದಿನ ಸೈಟ್ (ನಳಿಗೆಯ ತುದಿಯ ಗುರಿಮೊನೆ) ಹಿಂದಿನ ಸೀಳಿನ ನಡುವೆ ಬಂದು ಕೂತಿದೆಯಾ? ಎಡಬಲ ಎರಡೂ ಕಡೆ ಒಂದೇ ಅಳತೆಯ ಬೆಳಕಿನ ಗೆರೆ ಕಾಣುತ್ತಿದೆಯಾ? ಐದು ಸಲ ಮಾಡಿಸಿ. ಐದರಲ್ಲಿ ನಾಲ್ಕು ಸಲ ತಾನಾಗಿ ಕೂತರೆ ಆ ಗ್ರಿಪ್ ಅವಳದ್ದು. ಪ್ರತಿ ಸಲವೂ ಮುಂದಿನ ಸೈಟ್ ಒಂದೇ ಪಕ್ಕಕ್ಕೆ ಸರಿದು ಕಂಡರೆ ಗ್ರಿಪ್ಪಿನ ಕೋನ ಬದಲಿಸಬೇಕು, ಇಲ್ಲವೇ ಅಂಗೈ ತಾಗುವಲ್ಲಿ ಸ್ವಲ್ಪ ಮರ ತೆಗೆಯಬೇಕು ಅಥವಾ ಮರದ ಪುಟ್ಟಿ ಹಾಕಬೇಕು. ಮಣಿಕಟ್ಟು ತಿರುಗಿಸಿ ಸರಿಮಾಡಿಕೊಳ್ಳುವ ಅಭ್ಯಾಸ ಮಾತ್ರ ಬೀಳಬಾರದು. ಅದು ಒಂದು ಸಲ ಬಿದ್ದರೆ ಬಿಡಿಸಲು ವರ್ಷ ಬೇಕು, ನಾನು ಬಿಡಿಸಿ ಸುಸ್ತಾಗಿದ್ದೇನೆ.

ಹಳೆಯದು ತಗೊಳ್ಳುವುದಾದರೆ ತಪ್ಪೇನಿಲ್ಲ, ಆದರೆ ಗಾಳಿ ಸಿಲಿಂಡರಿನ ಮೇಲೆ ಕೆತ್ತಿರುವ ದಿನಾಂಕ ಮೊದಲು ಓದಿ. ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಅದರ ಅವಧಿ ಮುಗಿಯುತ್ತದೆ. ಒಳಗೆ 200 ಬಾರ್ ಒತ್ತಡ ಇರುತ್ತದೆ, ಅವಧಿ ಮೀರಿದ್ದನ್ನು ಮಗುವಿನ ಕೈಗೆ ಕೊಡಬಾರದು. ಪಂದ್ಯದಲ್ಲೂ ಅವಧಿಯೊಳಗಿನ ಸಿಲಿಂಡರ್ ಇಟ್ಟುಕೊಳ್ಳುವುದು ಆಟಗಾರನ ಹೊಣೆ. ಹೊಸ ಸಿಲಿಂಡರಿನ ಬೆಲೆ ಕೂಡಿಸಿ ಆಮೇಲೆ ಚೌಕಾಸಿ ಮಾಡಿ.

ಪ್ರಶ್ನೆ: ನಾವು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರು, ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ. ಹಾಗಾದರೆ ಮಗನಿಗೆ ಸ್ಪರ್ಧೆಯ ಪಿಸ್ತೂಲು ತಗೊಳ್ಳಲು ಕಾಗದಪತ್ರ ಏನೂ ಬೇಡವಲ್ಲ? (ಪೊನ್ನಂಪೇಟೆ)

ಏರ್ ಪಿಸ್ತೂಲಾದರೆ ಯಾರಿಗೂ ಲೈಸೆನ್ಸ್ ಬೇಡ, ಕೊಡಗಿನವರಿಗೂ ಬೇಡ, ಬೆಳಗಾವಿಯವರಿಗೂ ಬೇಡ. 4.5 ಮಿಲಿಮೀಟರ್ ನಳಿಗೆ, 20 ಜೂಲ್ ಒಳಗಿನ ಶಕ್ತಿ ಇದ್ದರೆ ಸಾಕು. ಸ್ಪರ್ಧೆಯ ಏರ್ ಪಿಸ್ತೂಲು 6 ಜೂಲ್ ಆಸುಪಾಸಿನಲ್ಲೇ ಇರುತ್ತದೆ. ಖರೀದಿಯ ಬಿಲ್ ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ.

ತೋಟಾ ಹಾಕಿ ಹೊಡೆಯುವ .22 ಪಿಸ್ತೂಲಿನ ಮಾತು ಬೇರೆ. ಕೊಡವರಿಗೆ ಮತ್ತು ಜಮ್ಮಾದವರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ಮುಂದುವರಿಸಿದೆ, ಅದು ನಮ್ಮ ಹೆಮ್ಮೆ. ಆದರೆ ಅದನ್ನು ಹಿಡಿದುಕೊಂಡು ಹೊರದೇಶದ ಪಿಸ್ತೂಲು ತರಿಸಲು ಆಗುವುದಿಲ್ಲ. ಅದಕ್ಕೆ ಕ್ಲಬ್ಬಿನ ಸದಸ್ಯತ್ವ, ರಾಜ್ಯ ಸಂಸ್ಥೆ, ರಾಷ್ಟ್ರೀಯ ರೈಫಲ್ ಸಂಸ್ಥೆ, ಈ ದಾರಿಯಲ್ಲೇ ಹೋಗಬೇಕು. ಮಗ ಪಂದ್ಯಗಳಲ್ಲಿ ಅಂಕ ತೋರಿಸಿದ ಮೇಲೆ ಬರುವ ಮೆಟ್ಟಿಲು ಅದು. ಇನ್ನೊಂದು ವಿಷಯ. ಮನೆಯ ಕೋವಿಯನ್ನೇ ಆಗಲಿ, ಜಿಲ್ಲೆಯಿಂದ ಹೊರಗೆ ಪಂದ್ಯಕ್ಕೆ ಒಯ್ಯುವ ಮುಂಚೆ ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ, ಅವರು ಹೇಳಿದ್ದನ್ನು ಬರಹದಲ್ಲಿ ಪಡೆದುಕೊಳ್ಳಿ. ಬಾಯಿಮಾತು ಚೆಕ್‌ಪೋಸ್ಟಿನಲ್ಲಿ ನಡೆಯುವುದಿಲ್ಲ.

ಪ್ರಶ್ನೆ: ಅಂಕಲ್, ನಾನು ಪಿಯುಸಿ ಓದುತ್ತಿದ್ದೇನೆ, ಏರ್ ಪಿಸ್ತೂಲಿನಲ್ಲಿ 600ಕ್ಕೆ 550 ದಾಟಿದ್ದೇನೆ. ಟ್ರಿಗರ್ 400 ಗ್ರಾಂಗೆ ಇಳಿಸಿದಾಗ ಅಭ್ಯಾಸದಲ್ಲಿ ಅಂಕ ಜಾಸ್ತಿ ಬರುತ್ತದೆ. ಪಂದ್ಯದ ಹಿಂದಿನ ದಿನ 500ಕ್ಕೆ ಏರಿಸಿಕೊಂಡರೆ ಆಯ್ತಲ್ವಾ? (ಗೋಣಿಕೊಪ್ಪ)

ಬೇಡ ತಮ್ಮಾ. ಖಂಡಿತಾ ಬೇಡ. ಟ್ರಿಗರ್ ತೂಕ, ಅಂದರೆ ಗುಂಡು ಬಿಡಲು ಬೆರಳು ಹಾಕಬೇಕಾದ ಒತ್ತಡ, ಪಂದ್ಯದಲ್ಲಿ 500 ಗ್ರಾಂಗಿಂತ ಕಡಿಮೆ ಇರಬಾರದು. ನಿನ್ನ ಬೆರಳು ಕಲಿಯುವುದು 400 ಗ್ರಾಂನ ಪಾಠ, ಪರೀಕ್ಷೆಯಲ್ಲಿ ಬರುವುದು 500 ಗ್ರಾಂನ ಪ್ರಶ್ನೆ. ಪಂದ್ಯದ ದಿನ ಮೊದಲ ಹತ್ತು ಗುಂಡು ‘ಯಾಕೋ ಬಿಡ್ತಾ ಇಲ್ಲ, ಬಿಡ್ತಾ ಇಲ್ಲ’ ಅಂತ ಕಾಯುತ್ತೀಯ, ಕಾದು ಕಾದು ಕೊನೆಗೆ ಎಳೆದುಬಿಡುತ್ತೀಯ, ಏಳಕ್ಕೋ ಎಂಟಕ್ಕೋ ಹೋಗುತ್ತದೆ.

ನನ್ನದೇ ಒಂದು ಕಥೆ ಹೇಳುತ್ತೇನೆ, ಇಪ್ಪತ್ತು ವರ್ಷದ ಹಿಂದಿನದು. ರಾಜ್ಯ ಮಟ್ಟದ ಒಂದು ಪಂದ್ಯದ ಹಿಂದಿನ ರಾತ್ರಿ ಹೋಟೆಲ್ ರೂಮಿನಲ್ಲಿ ಕೂತು, ಟ್ರಿಗರಿನ ಶೂ (ಬೆರಳು ಒತ್ತುವ ಭಾಗ) ಸ್ವಲ್ಪ ಹಿಂದೆ ಇದ್ದರೆ ಬೆರಳಿಗೆ ಹಿತ ಅಂತ ಎರಡು ಮಿಲಿಮೀಟರ್ ಜರುಗಿಸಿದೆ. ಅಷ್ಟೇ ಮಾಡಿದ್ದು. ತೂಕದ ಸ್ಕ್ರೂ ಮುಟ್ಟಲಿಲ್ಲ. ಬೆಳಿಗ್ಗೆ ಉಪಕರಣ ತಪಾಸಣೆಯಲ್ಲಿ ತೂಕ ಸಿಕ್ಕಿಸಿ ಎತ್ತಿದರು, ಟ್ರಿಗರ್ ಟಕ್ ಅಂತ ಬಿಟ್ಟಿತು. ಎರಡನೇ ಸಲವೂ ಬಿಟ್ಟಿತು. ಮೂರನೇ ಸಲವೂ. ಮೂರಕ್ಕಿಂತ ಜಾಸ್ತಿ ಅವಕಾಶ ಇಲ್ಲ. ಪಕ್ಕಕ್ಕೆ ಬಂದು ಸ್ಕ್ರೂ ತಿರುಗಿಸುವಾಗ ನನ್ನ ಕೈ ನಡುಗಿದ್ದು ಇವತ್ತಿಗೂ ನೆನಪಿದೆ. ಮತ್ತೆ ತೋರಿಸಿ ಪಾಸಾದೆ, ಆದರೆ ಆ ದಿನ ಹೊಡೆದಿದ್ದು ನನ್ನ ಪಿಸ್ತೂಲಿನಲ್ಲಿ ಅಲ್ಲ, ಹೊಸದಾಗಿ ಪರಿಚಯವಾದ ಯಾವುದೋ ಪಿಸ್ತೂಲಿನಲ್ಲಿ. ಶೂ ಜರುಗಿಸಿದರೆ ಕೀಲಿನಿಂದ ಬೆರಳು ಒತ್ತುವ ಜಾಗಕ್ಕೆ ಇರುವ ದೂರ ಬದಲಾಗುತ್ತದೆ, ಅದರ ಜೊತೆ ತೂಕವೂ ಬದಲಾಗುತ್ತದೆ. ಬಾವಿಯ ಏತ ನೋಡಿದ ಯಾರಿಗಾದರೂ ಗೊತ್ತಿರುವ ಲೆಕ್ಕ, ಆ ರಾತ್ರಿ ನನಗೆ ಹೊಳೆಯಲಿಲ್ಲ.

ಹಾಗಾಗಿ ಹೀಗೆ ಮಾಡು. ಕ್ಲಬ್ಬಿನಲ್ಲಿ ಟ್ರಿಗರ್ ತೂಕದ ಬಟ್ಟು ಇರುತ್ತದೆ, ತೂಗುವಾಗ ಪಿಸ್ತೂಲಿನಲ್ಲಿ ಪೆಲೆಟ್ ಇರಬಾರದು, ಗಾಳಿ ಇರಬೇಕು. ನಳಿಗೆ ನೆಟ್ಟಗೆ ಮೇಲಕ್ಕೆ ಮಾಡಿ, ಬಟ್ಟಿನ ಕೊಕ್ಕೆಯನ್ನು ಟ್ರಿಗರಿನ ನಡುವಿಗೆ ಸಿಕ್ಕಿಸಿ, ನಿಧಾನವಾಗಿ ಎತ್ತು. ಬಟ್ಟು ಮೇಜಿನಿಂದ ಪೂರ್ತಿ ಎದ್ದರೂ ಟ್ರಿಗರ್ ಬಿಡಬಾರದು. ಹತ್ತು ಸಲ ಎತ್ತಿ ಹತ್ತೂ ಸಲ ಹಿಡಿದರೆ ಸರಿ. ಸರಿಯಾಗಿ 500ಕ್ಕೆ ತಂದು ನಿಲ್ಲಿಸಬೇಡ, 510ರಿಂದ 520ರ ನಡುವೆ ಇಡು. ನಮ್ಮಲ್ಲಿ ಬೆಳಗಿನ ಚಳಿ ಬೇರೆ, ಬೆಂಗಳೂರಿನ ರೇಂಜಿನ ಮಧ್ಯಾಹ್ನ ಬೇರೆ, ಆ ಹತ್ತಿಪ್ಪತ್ತು ಗ್ರಾಂ ನಿನ್ನನ್ನು ಕಾಯುತ್ತದೆ.

ಇನ್ನು ಟ್ಯೂನಿಂಗ್. 400ರಲ್ಲಿ ಅಂಕ ಬರುತ್ತಿದೆ ಅಂದರೆ ನಿನ್ನ ತೊಂದರೆ ತೂಕ ಅಲ್ಲ, ಎರಡನೇ ಹಂತದ ತಡೆ ಜಾಸ್ತಿಯಾಗಿದೆ ಅಂತ ನನ್ನ ಅಂದಾಜು. ಸ್ಪರ್ಧೆಯ ಟ್ರಿಗರಿಗೆ ಎರಡು ಹಂತ. ಮೊದಲು ಬೆರಳು ಸಲೀಸಾಗಿ ಹಿಂದೆ ಹೋಗುತ್ತದೆ, ಆಮೇಲೆ ಒಂದು ಗೋಡೆ ಸಿಗುತ್ತದೆ, ಆ ಗೋಡೆ ದಾಟಿದರೆ ಗುಂಡು. ಒಟ್ಟು 500 ಗ್ರಾಂಗಿಂತ ಕಡಿಮೆ ಆಗಬಾರದು ಅಷ್ಟೇ, ಅದನ್ನು ಎರಡೂ ಹಂತಕ್ಕೆ ಹೇಗೆ ಹಂಚುತ್ತೀಯ ಅನ್ನುವುದು ನಿನಗೆ ಬಿಟ್ಟಿದ್ದು. ಮೊದಲ ಹಂತಕ್ಕೆ ಜಾಸ್ತಿ ತೂಕ ಕೊಟ್ಟು ಗೋಡೆಯನ್ನು ತೆಳ್ಳಗೆ ಮಾಡು. ಮೊದಲ ಹಂತಕ್ಕೆ 350, ಉಳಿದದ್ದು ಎರಡನೆಯದಕ್ಕೆ, ಅಲ್ಲಿಂದ ಶುರುಮಾಡಿ ನೋಡು. ಗುಂಡು ಬಿಟ್ಟ ಮೇಲೆ ಟ್ರಿಗರ್ ಎಷ್ಟು ಹಿಂದೆ ಹೋಗಬೇಕು ಅನ್ನುವುದಕ್ಕೂ ಒಂದು ಸ್ಕ್ರೂ ಇದೆ. ಅದನ್ನು ಪೂರ್ತಿ ಬಿಗಿಯಬೇಡ, ಚಳಿಯಲ್ಲಿ ಟ್ರಿಗರ್ ಬಿಡದೇ ಹೋಗಬಹುದು. ಒಂದು ಸಲಕ್ಕೆ ಒಂದೇ ಸ್ಕ್ರೂ, ಕಾಲು ಸುತ್ತು, ಡೈರಿಯಲ್ಲಿ ಬರೆ, ಮೂರು ದಿನ ಹೊಡೆ. ಒಳಗಿನ ಭಾಗಗಳಿಗೆ ಅರ ಹಾಕಲು ಮಾತ್ರ ಯಾರಿಗೂ ಬಿಡಬೇಡ, ಎಷ್ಟೇ ಒಳ್ಳೆಯ ಮೆಕ್ಯಾನಿಕ್ ಆಗಿದ್ದರೂ.

ಪ್ರಶ್ನೆ: ಎಲೆಕ್ಟ್ರಾನಿಕ್ ಟ್ರಿಗರ್ ಒಳ್ಳೆಯದಾ, ಮಾಮೂಲಿಯದ್ದಾ? (ಕುಶಾಲನಗರ)

ಎಲೆಕ್ಟ್ರಾನಿಕ್ ಟ್ರಿಗರ್ ತುಂಬ ನಯವಾಗಿರುತ್ತದೆ, ಪ್ರತಿ ಸಲವೂ ಒಂದೇ ಥರ ಬಿಡುತ್ತದೆ. ಮೊರಿನಿ ಹೊಡೆಯುವವರು ಅದಕ್ಕೇ ಅದನ್ನು ಬಿಡುವುದಿಲ್ಲ. ಆದರೆ ಕೆಟ್ಟರೆ ಕೊಡಗಿನಲ್ಲಿ ರಿಪೇರಿ ಮಾಡುವವರು ಸಿಗುವುದಿಲ್ಲ. ಕಲಿಯುವವರಿಗೆ ನಾನು ಮಾಮೂಲಿ ಟ್ರಿಗರನ್ನೇ ಹೇಳುವುದು. 2021ರ ಜುಲೈನಲ್ಲಿ ಟೋಕಿಯೋ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲು ಕೈಕೊಟ್ಟಿತು. ಸರಿಮಾಡಿಸಿಕೊಂಡು ಬರುವಷ್ಟರಲ್ಲಿ ಬೇಕಾದಷ್ಟು ಸಮಯ ಹೋಗಿತ್ತು, ಗಡಿಯಾರ ನಿಂತಿರಲಿಲ್ಲ. 575 ಹೊಡೆದು 12ನೇ ಜಾಗ, ಫೈನಲ್ ತಪ್ಪಿತು. ಆ ಮಟ್ಟದಲ್ಲೂ ಹೀಗಾಗುತ್ತದೆ. ಯಾವ ಟ್ರಿಗರ್ ಆದರೂ ಸರಿ, ಪಂದ್ಯಕ್ಕೆ ಹೋಗುವಾಗ ಬ್ಯಾಟರಿ, ಸೀಲ್, ಸಣ್ಣ ಅಲನ್ ಕೀಲಿಗಳು, ತುಂಬಿದ ಇನ್ನೊಂದು ಸಿಲಿಂಡರ್ ಪೆಟ್ಟಿಗೆಯಲ್ಲಿ ಇರಲಿ.

ಪ್ರಶ್ನೆ: ಪೆಲೆಟ್ ಡಬ್ಬಿಯ ಮೇಲೆ 4.48, 4.49, 4.50 ಅಂತ ಬರೆದಿರುತ್ತದೆ. ನನ್ನ ಪಿಸ್ತೂಲಿಗೆ ಯಾವುದು ಸರಿ ಅಂತ ಹೇಗೆ ತಿಳಿಯುವುದು? ಮಳೆಗಾಲದಲ್ಲಿ ಪೆಲೆಟ್ ಮೇಲೆ ಬಿಳಿ ಪುಡಿ ಕಟ್ಟುತ್ತದೆ, ಅದನ್ನು ಹೊಡೆಯಬಹುದಾ? (ಸೋಮವಾರಪೇಟೆ)

ಆ ಅಂಕೆ ಪೆಲೆಟ್ಟಿನ ತಲೆಯ ಅಗಲ, ಮಿಲಿಮೀಟರಿನಲ್ಲಿ. ನಳಿಗೆಯಿಂದ ನಳಿಗೆಗೆ ರುಚಿ ಬೇರೆ, ಒಂದೇ ಕಂಪನಿಯ ಎರಡು ಪಿಸ್ತೂಲಿಗೂ ಬೇರೆ ಬೇರೆ ಪೆಲೆಟ್ ಹಿಡಿಸಬಹುದು. ಹೊಡೆದೇ ನೋಡಬೇಕು. ಎರಡು ಮೂರು ಅಳತೆಯ ಡಬ್ಬಿ ಸಿಕ್ಕರೆ, ಮೇಜಿನ ಮೇಲೆ ಮರಳಿನ ಚೀಲ ಇಟ್ಟು, ಪಿಸ್ತೂಲನ್ನು ಅದರ ಮೇಲೆ ಊರಿ, ಒಂದೊಂದು ಅಳತೆಯಲ್ಲಿ ಹತ್ತು ಹತ್ತರಂತೆ ಐದು ಗುರಿ ಹೊಡೆಯಿರಿ. ಐದರ ಸರಾಸರಿ ನೋಡಿ. ಒಂದೇ ಗುರಿ ನೋಡಿ ತೀರ್ಮಾನ ಮಾಡಿದರೆ ಅದೃಷ್ಟವನ್ನು ಅಳೆದ ಹಾಗೆ.

ಇದರ ಹಿಂದೆ ತೀರಾ ಬೀಳಬೇಡಿ ಅಂತಲೂ ಹೇಳಬೇಕು. 10 ಮೀಟರ್ ಪಿಸ್ತೂಲಿನ ಗುರಿಯಲ್ಲಿ ಹತ್ತರ ವೃತ್ತ 11.5 ಮಿಲಿಮೀಟರ್ ಅಗಲ, ಪೆಲೆಟ್ಟಿನ ಅಂಚು ತಾಗಿದರೂ ಹತ್ತೇ. ರೈಫಲ್ಲಿನವರಿಗೆ ಹತ್ತು ಅಂದರೆ ಅರ್ಧ ಮಿಲಿಮೀಟರಿನ ಚುಕ್ಕೆ, ಅವರಿಗೆ ಪೆಲೆಟ್ಟಿನ ಚಿಂತೆ ನ್ಯಾಯವೇ. 550 ಹೊಡೆಯುವ ಪಿಸ್ತೂಲಿನವರಿಗೆ ಪೆಲೆಟ್ ಬದಲಿಸಿ ಸಿಗುವ ಅಂಕ ಒಂದೋ ಎರಡೋ. ಅದೇ ದುಡ್ಡಿಗೆ ಇನ್ನೆರಡು ಡಬ್ಬಿ ಅಭ್ಯಾಸದ ಪೆಲೆಟ್ ತಂದರೆ ಹತ್ತು ಅಂಕ ಏರುತ್ತದೆ. ತೂಕ ಮಾತ್ರ ನೋಡಿ ತಗೊಳ್ಳಿ. ಪಿಸ್ತೂಲಿನ ಪೆಲೆಟ್ 0.45 ಗ್ರಾಂ, ರೈಫಲ್ಲಿನದು 0.53. ಮೂತಿ ಚಪ್ಪಟೆಯಾಗಿರುವುದೇ ಬೇಕು, ಕಾಗದದಲ್ಲಿ ದುಂಡಗೆ ತೂತು ಕತ್ತರಿಸಿದ ಹಾಗೆ ಬೀಳುತ್ತದೆ. ಚೂಪು ಮೂತಿಯದ್ದು ಕಾಗದ ಹರಿದು ಹಾಕುತ್ತದೆ.

ಬಿಳಿ ಪುಡಿ ಅಂದರೆ ಸೀಸಕ್ಕೆ ತೇವ ತಾಗಿ ಕಟ್ಟಿದ್ದು. ನಮ್ಮ ಜೂನ್ ಜುಲೈ ನಿಮಗೇ ಗೊತ್ತು, ಗೋಡೆಗೆ ಆನಿಸಿಟ್ಟ ಚಪ್ಪಲಿಯೂ ಹಸಿರಾಗುತ್ತದೆ. ಆ ಪೆಲೆಟ್ ಹೊಡೆಯಬೇಡಿ, ನಳಿಗೆಗೂ ಒಳ್ಳೆಯದಲ್ಲ, ನಿಮಗೂ ಅಲ್ಲ, ಆ ಪುಡಿ ಬೆರಳಿನಿಂದ ಬಾಯಿಗೆ ಹೋಗುತ್ತದೆ. ಡಬ್ಬಿಯನ್ನು ಗಾಳಿಯಾಡದ ಸ್ಟೀಲ್ ಡಬ್ಬದಲ್ಲಿಟ್ಟು ಎರಡು ಸಿಲಿಕಾ ಜೆಲ್ ಚೀಲ ಹಾಕಿಡಿ. ಬೇಕಾದಷ್ಟನ್ನೇ ಹೊರಗೆ ತೆಗೆಯಿರಿ. ತುಂಬುವಾಗ ಪ್ರತಿ ಪೆಲೆಟ್ಟಿನ ಹಿಂದಿನ ಲಂಗವನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ದುಂಡಗೆ ಇದೆಯಾ, ಒಂದು ಕಡೆ ತಗ್ಗಾಗಿದೆಯಾ. ತಗ್ಗಾಗಿದ್ದು ಅಭ್ಯಾಸದ ಡಬ್ಬಿಗೆ. ಹೊಡೆದಾದ ಮೇಲೆ ಸೋಪು ಹಾಕಿ ಕೈ ತೊಳೆದೇ ಕಾಫಿ ಕುಡಿಯಿರಿ. ಮಕ್ಕಳಿಗೆ ಇದನ್ನು ಬೈದಾದರೂ ಅಭ್ಯಾಸ ಮಾಡಿಸಿ.

ಪ್ರಶ್ನೆ: ನಾನು 25 ಮೀಟರ್ ಸ್ಪೋರ್ಟ್ಸ್ ಪಿಸ್ತೂಲ್ ಹೊಡೆಯುತ್ತೇನೆ, ನಿಧಾನವಾಗಿ ಹೊಡೆಯುವ ಪ್ರಿಸಿಷನ್, ಬೇಗ ಹೊಡೆಯುವ ರ‍್ಯಾಪಿಡ್ ಎರಡೂ ಸುತ್ತು ಇರುವ ಸ್ಪರ್ಧೆ. ಪ್ರಿಸಿಷನ್‌ನಲ್ಲಿ ತೊಂದರೆ ಇಲ್ಲ, ರ‍್ಯಾಪಿಡ್‌ನಲ್ಲಿ ನಾಲ್ಕನೇ ಗುಂಡಿಗೆ ಜಾಮ್ ಆಗುತ್ತದೆ. ದುಬಾರಿ ತೋಟಾ ತಂದರೂ ಅದೇ ಕಥೆ. ಚಳಿಗಾಲದಲ್ಲಿ ಇನ್ನೂ ಜಾಸ್ತಿ. ತೋಟಾ ಬದಲಿಸಲಾ, ಪಿಸ್ತೂಲು ಬದಲಿಸಲಾ? (ಒಬ್ಬ ಆಟಗಾರ್ತಿ, ಮಡಿಕೇರಿ)

ಎರಡೂ ಬೇಡ ತಂಗಿ, ಮೊದಲು ಜಾಮ್ ಆದ ತೋಟಾ ಎಲ್ಲಿ ಸಿಕ್ಕಿಕೊಂಡಿದೆ ಅಂತ ನೋಡಿ. ತೆಗೆದು ಬಿಸಾಡಿದರೆ ಏನೂ ಗೊತ್ತಾಗುವುದಿಲ್ಲ. ನಳಿಗೆ ಗುರಿಯ ಕಡೆಗೇ ಇರಲಿ, ಬೆರಳು ಟ್ರಿಗರಿನಿಂದ ಹೊರಗಿರಲಿ, ಮ್ಯಾಗಜಿನ್ ತೆಗೆದು ಆಮೇಲೆ ನೋಡಿ.

ಖಾಲಿ ಕೇಸು ಕಿಟಕಿಯಲ್ಲಿ ಅಡ್ಡ ಸಿಕ್ಕಿಕೊಂಡಿದ್ದರೆ ಬೋಲ್ಟ್ (ಗುಂಡು ಹಾರಿದಾಗ ಹಿಂದೆ ಸರಿದು ಮುಂದಿನ ತೋಟಾ ತುಂಬುವ ಭಾಗ) ಪೂರ್ತಿ ಹಿಂದೆ ಹೋಗುತ್ತಿಲ್ಲ ಅಂತ ಅರ್ಥ. ಕೊಳೆ, ಗಟ್ಟಿಯಾದ ಎಣ್ಣೆ, ಇಲ್ಲವೇ ತೋಟಾದ ಬಲ ಸಾಲದು. ಹೊಸ ತೋಟಾ ಅರ್ಧ ಒಳಗೆ ಹೋಗಿ ಮೂತಿ ಮೇಲೆದ್ದಿದ್ದರೆ ಮ್ಯಾಗಜಿನ್ನಿನ ತುಟಿ ಅಗಲವಾಗಿದೆ ಅಥವಾ ಸ್ಪ್ರಿಂಗ್ ಸೋತಿದೆ. ನಾಲ್ಕನೇ ಗುಂಡಿಗೇ ಆಗುತ್ತದೆ ಅಂತ ಬರೆದಿದ್ದೀರಲ್ಲ, ಅದಕ್ಕೇ ನನ್ನ ಅನುಮಾನ ಮ್ಯಾಗಜಿನ್ ಮೇಲೆ. ಮೇಲಿನ ಮೂರು ಹೋದ ಮೇಲೆ ಸ್ಪ್ರಿಂಗಿನ ಒತ್ತಡ ಇಳಿದಿರುತ್ತದೆ, ಸೋತ ಸ್ಪ್ರಿಂಗ್ ಆಗಲೇ ಕೈಬಿಡುವುದು. ಮ್ಯಾಗಜಿನ್ನುಗಳಿಗೆ ಪೇಂಟಿನಲ್ಲಿ 1, 2, 3 ಅಂತ ಬರೆಯಿರಿ. ಜಾಮ್ ಆದಾಗೆಲ್ಲ ಯಾವ ನಂಬರ್ ಅಂತ ಬರೆದಿಡಿ. ಎರಡು ವಾರದಲ್ಲಿ ಕಳ್ಳ ಸಿಗುತ್ತಾನೆ.

ಚಳಿಯಲ್ಲಿ ಜಾಸ್ತಿ ಆಗುವುದಕ್ಕೆ ಎರಡು ಕಾರಣ. ಒಂದು, ಎಣ್ಣೆ ದಪ್ಪ ಹಾಕಿದ್ದೀರಿ. ಪಿಸ್ತೂಲಿನ ಒಳಗೆ ಎಣ್ಣೆ ಅಂದರೆ ಬಟ್ಟೆಯಲ್ಲಿ ಒರೆಸಿ ಉಳಿದಷ್ಟೇ, ಹೊಲಿಗೆ ಮಷೀನಿಗೆ ಬಿಟ್ಟ ಹಾಗೆ ಬಿಡಬಾರದು. ಎರಡು, .22 ತೋಟಾದ ಸೀಸಕ್ಕೆ ಮೇಣದ ಲೇಪ ಇರುತ್ತದೆ, ಮಡಿಕೇರಿಯ ಡಿಸೆಂಬರ್ ಬೆಳಿಗ್ಗೆ ಅದು ಗಟ್ಟಿಯಾಗಿ ಚೇಂಬರಿನ (ತೋಟಾ ಕೂರುವ ಗೂಡಿನ) ಬಾಯಲ್ಲಿ ಕೂರುತ್ತದೆ. ತೋಟಾ ಡಬ್ಬಿಯನ್ನು ರಾತ್ರಿ ಕಾರಿನಲ್ಲಿ ಬಿಡಬೇಡಿ, ಮನೆಯೊಳಗೆ ಇಡಿ. ಬಿಸಿಲಿಗೂ ಒಲೆ ಹತ್ತಿರವೂ ಇಡಬೇಡಿ.

ಆಮೇಲೆ ತೋಟಾದ ಆಯ್ಕೆ. ಸ್ಟ್ಯಾಂಡರ್ಡ್ ವೆಲಾಸಿಟಿ ಅಂತ ಬರೆದದ್ದೇ ಬೇಕು, ಸೆಕೆಂಡಿಗೆ ಸುಮಾರು 320ರಿಂದ 330 ಮೀಟರ್ ಹೋಗುವಂಥದ್ದು. ಹೈ ವೆಲಾಸಿಟಿ ತೋಟಾ ಸ್ಪರ್ಧೆಯ ಪಿಸ್ತೂಲಿಗೆ ಬೇಡವೇ ಬೇಡ. ಬೋಲ್ಟ್ ಹಿಂದಕ್ಕೆ ಬಡಿದು ಬಡಿದು ಪಿಸ್ತೂಲು ಸವೆಯುತ್ತದೆ, ನಿಮ್ಮ ಕೈಯೂ ಜಾಸ್ತಿ ಹಾರುತ್ತದೆ. ಪಿಸ್ತೂಲಿಗೆ ಅಂತಲೇ ಮೆದುವಾಗಿ ಮಾಡಿದ ತೋಟಾಗಳಿವೆ, ರ‍್ಯಾಪಿಡ್‌ನಲ್ಲಿ ಅವು ಹಿತ, ಆದರೆ ಕೆಲವು ಪಿಸ್ತೂಲುಗಳ ಬೋಲ್ಟ್ ತಳ್ಳಲು ಅವುಗಳ ಬಲ ಸಾಲುವುದಿಲ್ಲ. ನೀವು ತಂದ ದುಬಾರಿ ತೋಟಾ ಈ ಜಾತಿಯದ್ದಾ ಅಂತ ಡಬ್ಬಿ ನೋಡಿ.

25 ಮೀಟರಿನಲ್ಲಿ ದುಬಾರಿ ತೋಟಾಕ್ಕೆ ದುಡ್ಡು ಸುರಿಯುವುದು ಬೇಡ ಅಂತ ನಾನು ಎಷ್ಟೋ ಸಲ ಹೇಳಿದ್ದೇನೆ, ಮತ್ತೂ ಹೇಳುತ್ತೇನೆ. ಪ್ರಿಸಿಷನ್ ಗುರಿಯಲ್ಲಿ ಹತ್ತರ ವೃತ್ತ 50 ಮಿಲಿಮೀಟರ್, ರ‍್ಯಾಪಿಡ್ ಗುರಿಯಲ್ಲಿ 100. ಊರಿ ಹೊಡೆದಾಗ 25 ಮಿಲಿಮೀಟರ್ ಒಳಗೆ ಹತ್ತು ಗುಂಡು ಹಾಕುವ ಯಾವ ತೋಟಾ ಆದರೂ ಸಾಕು. 300 ಗುಂಡಿನಲ್ಲಿ ಒಂದೂ ಜಾಮ್ ಆಗದ ಸಾದಾ ತೋಟಾ, ನೂರಕ್ಕೊಂದು ಜಾಮ್ ಆಗುವ ಚಿನ್ನದ ತೋಟಾಕ್ಕಿಂತ ಮೇಲು. ಸಿಕ್ಕಿದ ಮೇಲೆ ಡಬ್ಬಿಯ ಲಾಟ್ ನಂಬರ್ ಬರೆದುಕೊಂಡು, ವರ್ಷಕ್ಕೆ ಬೇಕಾದಷ್ಟನ್ನು ಅದೇ ಲಾಟಿನಲ್ಲಿ ತಗೊಳ್ಳಿ, ನಿಮ್ಮ ಕೋಟಾ ಎಷ್ಟಿದೆಯೋ ಅಷ್ಟರೊಳಗೆ.

ಎರಡು ಎಚ್ಚರಿಕೆ. ಟ್ರಿಗರ್ ಒತ್ತಿದಾಗ ಗುಂಡು ಹಾರಲಿಲ್ಲವಾದರೆ ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ, ತಡವಾಗಿ ಹಾರಬಹುದು. ಸದ್ದು ಎಂದಿಗಿಂತ ಮೆತ್ತಗೆ ‘ಪುಸ್’ ಅಂತ ಬಂದರೆ ಮುಂದಿನ ಗುಂಡು ಹೊಡೆಯಲೇಬೇಡಿ. ಸೀಸ ನಳಿಗೆಯಲ್ಲೇ ನಿಂತಿರಬಹುದು. ಪಿಸ್ತೂಲು ಖಾಲಿ ಮಾಡಿ ರೇಂಜ್ ಅಧಿಕಾರಿಗೆ ತೋರಿಸಿ. ಅಂಕ ಹೋದರೆ ಹೋಗಲಿ.

ಹಾಂ, .22 ಪಿಸ್ತೂಲಿನಲ್ಲಿ ಮನೆಯಲ್ಲಿ ಡ್ರೈ ಫೈರ್ (ತೋಟಾ ಇಲ್ಲದೆ ಟ್ರಿಗರ್ ಒತ್ತುವ ಅಭ್ಯಾಸ) ಮಾಡುವುದಾದರೆ ಚೇಂಬರಿಗೆ ಪ್ಲಾಸ್ಟಿಕ್ ಪ್ಲಗ್ ಹಾಕಿಕೊಳ್ಳಿ, ಇಲ್ಲವಾದರೆ ಪಿನ್ ಹೋಗಿ ಚೇಂಬರಿನ ಅಂಚಿಗೆ ಬಡಿಯುತ್ತದೆ. ತೋಟಾ ಇರುವ ಕೋಣೆಯಲ್ಲಿ ಡ್ರೈ ಫೈರ್ ಬೇಡ.

ಪ್ರಶ್ನೆ: ನಮ್ಮ ಅಜ್ಜ ಕೇಪಿನ ಕೋವಿಗೂ ತೋಟಾ ಕೋವಿಗೂ ಮನೆಯಲ್ಲೇ ಮದ್ದು ತುಂಬುತ್ತಿದ್ದರು. ಹೊರದೇಶದಲ್ಲಿ ಸ್ಪರ್ಧಿಗಳು ತಮ್ಮ ತೋಟಾ ತಾವೇ ತುಂಬಿಕೊಳ್ಳುತ್ತಾರೆ ಅಂತ ಓದಿದೆ. ಸೆಂಟರ್ ಫೈರ್ (ಕಿಡಿಮದ್ದು ಕೇಸಿನ ತಳದ ನಡುವೆ ಇರುವ) .32 ಪಿಸ್ತೂಲಿಗೆ ನಾನೂ ಯಾಕೆ ತುಂಬಬಾರದು? ಖರ್ಚು ಕಡಿಮೆ ಆಗುತ್ತದೆ. (ನಾಪೋಕ್ಲು)

ಅಣ್ಣ, ಬೇಡ. ಮೊದಲನೆಯದು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ತೋಟಾ ತಯಾರಿಸಲು ಲೈಸೆನ್ಸ್ ಬೇಕು. ಮನೆಯ ಕೋವಿಗೆ ಇರುವ ವಿನಾಯಿತಿ ತೋಟಾ ತಯಾರಿಕೆಗೆ ಬರುವುದಿಲ್ಲ. ಸಿಕ್ಕಿಬಿದ್ದರೆ ನಿಮ್ಮ ಕೋವಿಯೂ ಹೋಗಬಹುದು, ಮಕ್ಕಳ ಶೂಟಿಂಗೂ ನಿಲ್ಲಬಹುದು.

ಎರಡನೆಯದು ಮದ್ದು. ಅಜ್ಜ ತುಂಬುತ್ತಿದ್ದುದು ಕರಿ ಮದ್ದು. ಅದು ಹೊಗೆ ಜಾಸ್ತಿ, ಬಲ ಕಡಿಮೆ, ಒಂದು ಚೂರು ಹೆಚ್ಚುಕಮ್ಮಿಯಾದರೂ ಹಳೆಯ ದಪ್ಪ ನಳಿಗೆ ತಡೆದುಕೊಳ್ಳುತ್ತಿತ್ತು. ಈಗಿನ ತೋಟಾದೊಳಗಿರುವುದು ಹೊಗೆ ಬಾರದ ಮದ್ದು, ಅಷ್ಟೇ ಜಾಗದಲ್ಲಿ ಹಲವು ಪಟ್ಟು ಬಲ. ಅಜ್ಜನ ಅಳತೆಯ ಲೆಕ್ಕದಲ್ಲಿ ಇದನ್ನು ಹಾಕಿದರೆ ನಳಿಗೆ ಸೀಳುತ್ತದೆ. .32 ಕೇಸಿನಲ್ಲಿ ಸ್ಪರ್ಧೆಗೆ ಬೇಕಾಗುವ ಮದ್ದು ಎಷ್ಟು ಕಡಿಮೆ ಅಂದರೆ, ಗೊತ್ತಾಗದೆ ಎರಡು ಸಲ ಬಿದ್ದರೂ ಒಳಗೆ ಹಿಡಿಸಿಬಿಡುತ್ತದೆ, ಕಣ್ಣಿಗೆ ಕಾಣುವುದೂ ಇಲ್ಲ. ಮನೆಯಲ್ಲಿ ತುಂಬಿದ ತೋಟಾದಿಂದ ಎರಡು ಬೆರಳು ಕಳೆದುಕೊಂಡ ಒಬ್ಬರ ಕೈಯನ್ನು ನಾನು ಹಿಡಿದು ನೋಡಿದ್ದೇನೆ. ಆಮೇಲೆ ಅವರು ಮತ್ತೆ ಗುರಿ ಹಿಡಿಯಲಿಲ್ಲ. .22 ಬಗ್ಗೆ ಕೇಳುವವರೂ ಇದ್ದಾರೆ. ಅದರ ಕಿಡಿಮದ್ದು ಕೇಸಿನ ಅಂಚಿನೊಳಗೇ ಇರುತ್ತದೆ, ಒಂದು ಸಲ ಹೊಡೆದರೆ ಮುಗಿಯಿತು, ಮತ್ತೆ ತುಂಬುವ ಮಾತೇ ಇಲ್ಲ.

ಸೆಂಟರ್ ಫೈರ್‌ಗೆ ಕಾರ್ಖಾನೆಯ ವಾಡ್‌ಕಟರ್ ತೋಟಾ ಹೊಡೆಯಿರಿ. ಸೀಸದ ಮೂತಿ ಚಪ್ಪಟೆ, ಕೇಸಿನ ಬಾಯಿಗೆ ಸಮನಾಗಿ ಒಳಗೆ ಕೂತಿರುತ್ತದೆ, ಕಾಗದಕ್ಕೆ ಅಚ್ಚು ಹೊಡೆದ ಹಾಗೆ ತೂತು ಬೀಳುತ್ತದೆ. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ದೇಶದ ಜಸ್ಪಾಲ್ ರಾಣಾ ಈ ಸ್ಪರ್ಧೆಯಲ್ಲಿ 590 ಹೊಡೆದು ವಿಶ್ವದಾಖಲೆ ಸರಿಗಟ್ಟಿದರು. ನಿಮಗೆ ಖರ್ಚು ಉಳಿಸಬೇಕು ಅಂತಿದ್ದರೆ ವಾರದ ಐದು ದಿನ ಏರ್ ಪಿಸ್ತೂಲಿನಲ್ಲಿ ಅಭ್ಯಾಸ ಮಾಡಿ, ಒಂದು ದಿನ .32 ಹೊಡೆಯಿರಿ. ಹಿಡಿತ, ಸೈಟ್, ಟ್ರಿಗರ್, ಮೂರೂ ಅಲ್ಲೇ ತಯಾರಾಗುತ್ತವೆ. ಟ್ರಿಗರ್ ತೂಕ ಮಾತ್ರ ಇದಕ್ಕೆ 1000 ಗ್ರಾಂ, ಕೊನೆಯ ವಾರ ಬೆರಳಿಗೆ ಅದನ್ನು ನೆನಪಿಸಿಕೊಡಿ.

ಪ್ರಶ್ನೆ: ಮಳೆಗಾಲದಲ್ಲಿ ಪಿಸ್ತೂಲು ಪೆಟ್ಟಿಗೆಯಲ್ಲೇ ಇಟ್ಟರೂ ತುಕ್ಕು ಬರುತ್ತದೆ. (ಭಾಗಮಂಡಲ)

ಪೆಟ್ಟಿಗೆಯಲ್ಲಿ ಇಡುವುದರಿಂದಲೇ ಬರುತ್ತದೆ. ಒಳಗಿನ ಸ್ಪಂಜು ತೇವ ಹೀರಿಕೊಂಡು ಕಬ್ಬಿಣಕ್ಕೆ ಒತ್ತಿಕೊಂಡು ಕೂರುತ್ತದೆ. ಪೆಟ್ಟಿಗೆ ಪ್ರಯಾಣಕ್ಕೆ ಮಾತ್ರ. ಮನೆಯಲ್ಲಿ ಹತ್ತಿ ಬಟ್ಟೆ ಸುತ್ತಿ, ಬೀಗ ಹಾಕುವ ಕಬ್ಬಿಣದ ಬೀರುವಿನಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ವಾರಕ್ಕೊಮ್ಮೆ ಒರೆಸಿ. ಮರದ ಗ್ರಿಪ್ ಕೂಡ ನೀರು ಕುಡಿದು ಉಬ್ಬುತ್ತದೆ, ಸ್ಕ್ರೂ ಸಡಿಲ ಆಗಿದೆಯಾ ನೋಡುತ್ತಿರಿ. ಕೈಪಂಪಿನಲ್ಲಿ ಸಿಲಿಂಡರಿಗೆ ಗಾಳಿ ತುಂಬುವವರು ತೇವ ಹಿಡಿಯುವ ಫಿಲ್ಟರ್ ಇಲ್ಲದೆ ತುಂಬಬೇಡಿ. ಜುಲೈ ತಿಂಗಳ ಭಾಗಮಂಡಲದ ಗಾಳಿ ಅಂದರೆ ಅರ್ಧ ಕಾವೇರಿ.

ಪ್ರಶ್ನೆ: ನಾನು ಎಡಚ. ಕ್ಲಬ್ಬಿನಲ್ಲಿ ಎಲ್ಲವೂ ಬಲಗೈ ಪಿಸ್ತೂಲು. ಬಲಗೈಯಲ್ಲೇ ಕಲಿ ಅಂತಾರೆ. (8ನೇ ತರಗತಿ ಹುಡುಗ, ಸಿದ್ದಾಪುರ)

ಮೊದಲು ನಿನ್ನ ಕಣ್ಣು ಯಾವ ಕಡೆಯದ್ದು ಅಂತ ನೋಡೋಣ. ಎರಡೂ ಕಣ್ಣು ತೆರೆದು, ಚಾಚಿದ ಹೆಬ್ಬೆರಳಿನಿಂದ ದೂರದ ಸಿಲ್ವರ್ ಓಕ್ ಮರವನ್ನು ಮುಚ್ಚು. ಎಡಗಣ್ಣು ಮುಚ್ಚಿದಾಗ ಹೆಬ್ಬೆರಳು ಮರದಿಂದ ಸರಿದರೆ ನಿನ್ನದು ಎಡಗಣ್ಣು. ಕೈಯೂ ಎಡ, ಕಣ್ಣೂ ಎಡ ಆಗಿದ್ದರೆ ಎಡಗೈಯಲ್ಲೇ ಹೊಡಿ, ಯಾರು ಏನೇ ಹೇಳಲಿ. ತಯಾರಕರು ಎಡಗೈ ಗ್ರಿಪ್ ಬೇರೆಯಾಗಿ ಕೊಡುತ್ತಾರೆ, ಪಿಸ್ತೂಲು ಅದೇ, ಮರ ಮಾತ್ರ ಬದಲಿಸಿದರೆ ಆಯಿತು. ಕ್ಲಬ್ಬಿನವರಿಗೆ ಒಂದು ಎಡಗೈ ಗ್ರಿಪ್ ತರಿಸಲು ಅಪ್ಪನ ಹತ್ತಿರ ಕಾಗದ ಬರೆಸು, ನಿನ್ನ ಅಂಗೈಯ ಅಳತೆಯನ್ನು ಹಾಳೆಯ ಮೇಲೆ ಗೆರೆ ಎಳೆದು ಜೊತೆಗೆ ಇಡು.